ವ್ರತ ಹಿಡಿದ ಮನೆಯಲ್ಲಿ ಬೇರೆ ಬೇರೆ ಹಾಸಿಗೆ

ನಾನು ಡಾಕ್ಟರಲ್ಲ, ಸಂಜೆ ಕಾಲೇಜಿನಲ್ಲಿ ಓದಿದವಳು. ಗಂಡ ಹೆಂಡತಿಯ ಇಂಥ ವಿಷಯವನ್ನು ನಮ್ಮ ಬೀದಿಯ ಸಂಘದ ಮುಂದೆ ಓದುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹೇಳಬಹುದೆಂದು ಬಿಂದುವೂ ಅವಳ ಗಂಡನೂ ಒಪ್ಪಿದ್ದಾರೆ. ಆದರೂ ತಪ್ಪಾದೀತೆಂದು, ಬರೆದದ್ದನ್ನು ಎರಡು ಸಲ ಡಾಕ್ಟರಿಗೆ ತೋರಿಸಿದ್ದೇನೆ.

ಬಿಂದು, ಶಶಿಕುಮಾರ್ ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅತ್ತೆ ವಿಶಾಲಮ್ಮ ಒಂದಾದ ಮೇಲೊಂದು ನಲವತ್ತೆಂಟು ದಿನದ ವ್ರತ ಮಾಡಿಸುತ್ತಿದ್ದರು. ಈ ಸಲವೂ ಫಲಿಸದಿದ್ದರೆ ಬಿಂದುವನ್ನು ತವರಿಗೆ ಕಳಿಸುವ ಮಾತು ಎದ್ದಿತ್ತು.

ಆಶಾ ಕಾರ್ಯಕರ್ತೆ ಪ್ರತಿಭಾ ಬಂದಾಗ ನಾನೂ ಅಲ್ಲಿದ್ದೆ.

"ಎಲ್ಲಾ ಟೆಸ್ಟೂ ಆಯ್ತಮ್ಮ," ಎಂದರು ವಿಶಾಲಮ್ಮ.

"ಯಾರಿಗೆ?"

"ಇವಳಿಗೆ. ಇನ್ಯಾರಿಗೆ? ಎಲ್ಲಾ ಸರಿಯಾಗೈತಂತೆ. ಆದ್ರೂ ನಿಲ್ತಿಲ್ಲ."

"ನಿಮ್ಮ ಮಗನಿಗೆ?"

"ಅವನಿಗೇನಮ್ಮ ದಾಡಿ? ಬಳೇಪೇಟೆಲಿ ದಿನಾ ಪೆಟ್ಟಿಗೆ ಹೊರ್ತಾನೆ. ಗುಂಡ್‌ಕಲ್ಲು ಇದ್ದಂಗವ್ನೆ!"

"ಪೆಟ್ಟಿಗೆ ಹೊರೋದೇ ಬೇರೆ, ಇದೇ ಬೇರೆ. ತೊಂದ್ರೆ ಹೆಂಗಸರಲ್ಲೂ ಇರ್ಬೋದು, ಗಂಡಸರಲ್ಲೂ ಇರ್ಬೋದು, ಇಬ್ಬರಲ್ಲೂ ಇರ್ಬೋದು. ಸರಿ, ವ್ರತದಲ್ಲಿ ಇವರಿಬ್ಬರೂ ಎಲ್ಲಿ ಮಲಗ್ತಾರೆ?"

"ಇವಳು ನನ್ನ ಪಕ್ಕ, ಅವ್ನು ಹಾಲ್‌ನಲ್ಲಿ. ಮಡಿ ಅಲ್ವೇ?"

"ವರ್ಷಕ್ಕೆ ಎಷ್ಟು ವ್ರತ?"

"ನಾಕೋ, ಐದೋ."

"ಮಗು ಕೊಡು ಅಂತ ಕೇಳಿ, ಗಂಡ ಹೆಂಡ್ತಿನ ಬೇರೆ ಬೇರೆ ಮಲಗಿಸಿದ್ರೆ ದೇವ್ರಾದ್ರೂ ಏನ್ ಮಾಡ್ತಾನೆ ವಿಶಾಲಮ್ಮನವ್ರೇ?"

ಬಿಂದು ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಶಶಿಕುಮಾರ್ ಗೊಣಗಿದ: "ಟೆಸ್ಟಿಗೆ ಹೋದೆ ಅಂದ್ರೆ ಅಂಗಡಿಯವರು ಆಡ್ಕೊಳ್ತಾರೆ."

"ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಬಿಂದುನ ಐದು ವರ್ಷದಿಂದ ಆಡ್ಕೊಂಡಿಲ್ವಾ?"

ಅವನು ಹೆಂಡತಿಯ ಮುಖ ನೋಡಿದ. "ಸೋಮವಾರ ಹೋಗೋಣ, ನೀನೂ ಬಾ," ಎಂದ.

ಎರಡು ಸಲ ಪರೀಕ್ಷೆಯಾಯಿತು. ಎರಡರಲ್ಲೂ ವೀರ್ಯಾಣು ಕಡಿಮೆ. ಚಿಕಿತ್ಸೆ ಶುರುವಾಯಿತು. ತವರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. "ಇನ್ಮೇಲೆ ವ್ರತ ನಾನೊಬ್ಳೇ ಹಿಡೀತೀನಿ. ನೀವಿಬ್ರೂ ಡಾಕ್ಟ್ರು ಹೇಳ್ದಂಗೆ ಕೇಳಿ," ಎಂದರು ವಿಶಾಲಮ್ಮ.

ಅಕ್ಕಂದಿರೇ, ಅಣ್ಣಂದಿರೇ, ಗರ್ಭನಿರೋಧಕವಿಲ್ಲದೆ ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಡಾಕ್ಟರ ಬಳಿ ಹೋಗಿ. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಕಾರಣ ನೋಡಿಕೊಂಡು ಮಾತ್ರೆ, ಸಣ್ಣ ಆಪರೇಷನ್ ಅಥವಾ ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಐವಿಎಫ್‌ನಂಥ ಚಿಕಿತ್ಸೆಗಳಿವೆ. ಹೆಣ್ಣೊಬ್ಬಳ ಮೇಲೇ ತಪ್ಪು ಹೊರಿಸಬೇಡಿ.

ಬಿಂದುವಿಗೆ ಮಗುವಾಯಿತೇ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ಚಿಕಿತ್ಸೆಗೆ ನಾಲ್ಕು ತಿಂಗಳಾಗಿದೆ. ಖಂಡಿತ ಆಗುತ್ತದೆಂದು ಡಾಕ್ಟರೂ ಹೇಳಿಲ್ಲ. ನನಗೂ ಗೊತ್ತಿಲ್ಲ.