ಹೊಲಿದ ಅರ್ಜಿ

ಬೈಂಡಿಂಗ್ ಅಂಗಡಿಯ ಅಕ್ಕನಿಗೆ ಅಂದು ಬೆಳಗ್ಗೆಯಿಂದ ಒಂದು ಲೋಟ ನೀರು ಕೂಡ ಒಳಗಿಳಿದಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕಾಲೇಜು ಹುಡುಗರ ಪ್ರಬಂಧಗಳಿಗೂ ಕಚೇರಿಗಳ ದಪ್ಪ ರಿಜಿಸ್ಟರುಗಳಿಗೂ ರಟ್ಟು ಕಟ್ಟಿದವಳು. ಎಷ್ಟು ದೊಡ್ಡ ಸಾಹೇಬರು ಅವಸರ ಮಾಡಿದರೂ ಜಗ್ಗಿದವಳಲ್ಲ. ಈಗ ವೀಸಾ ಕೇಂದ್ರದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಟೋಕನ್ ಚೀಟಿಯನ್ನು ಬೆವರಿನಲ್ಲಿ ನೆನೆಸುತ್ತ ಕುಳಿತಿದ್ದಳು.

ಹೋಗಬೇಕಾಗಿದ್ದುದು ತಂಗಿಯ ಬಳಿಗೆ. ತಂಗಿ ಪರದೇಶದ ಒಂದು ಬೇಕರಿಯಲ್ಲಿ ಹದಿನಾಲ್ಕು ವರ್ಷ ತಟ್ಟೆಗಳನ್ನು ಎತ್ತಿ ಇಳಿಸಿ ಬೆನ್ನುಮೂಳೆ ಕೆಡಿಸಿಕೊಂಡಿದ್ದಳು. ಇನ್ನು ಇಪ್ಪತ್ನಾಲ್ಕು ದಿನಕ್ಕೆ ಆಪರೇಷನ್. ಆಮೇಲೆ ಆರು ತಿಂಗಳು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಮಂಚದಿಂದ ಏಳುವುದಕ್ಕೂ ಇನ್ನೊಬ್ಬರ ತೋಳು ಬೇಕು. ಅಲ್ಲಿ ಅವಳಿಗೆ ತನ್ನವರು ಅಂತ ಒಂದು ನರಪಿಳ್ಳೆಯೂ ಇರಲಿಲ್ಲ.

ದಾರಿ ತೋರಿಸಿದ್ದು ಅಂಗಡಿಯ ಪಕ್ಕದ ಜೆರಾಕ್ಸ್ ಮಳಿಗೆಯಲ್ಲಿ ಕೂರುವ ಏಜೆಂಟ್.

"ಕೇಳಿ ಅಕ್ಕ," ಅಂದಿದ್ದ ಅವನು. "ಪ್ರವಾಸಿ ವೀಸಾ ಅಂದ್ರೆ ಹತ್ತು ದಿನದಲ್ಲಿ ಕೈಗೆ ಬರುತ್ತೆ. ಮೂರು ತಿಂಗಳು ಇರ್ಬಹುದು. ಆಮೇಲೆ ಅಲ್ಲೇ ಏನಾದ್ರೂ ಮಾಡಿ ಮುಂದಕ್ಕೆ ಹಾಕಿಸ್ಕೊಳ್ಳಿ. ಆರೈಕೆಗೆ ಹೋಗ್ತೀನಿ ಅಂತ ಬರೆದ್ರೋ, ಅದು ಬೇರೆ ವೀಸಾ, ಬೇರೆ ಗೋಳು. ಒಂದು ವರ್ಷ ಕೊಡ್ತಾರೆ ನಿಜ, ಆದ್ರೆ ಕೊಡೋಕೆ ಐದಾರು ವಾರ ತಗೋತಾರೆ. ಅಷ್ಟರಲ್ಲಿ ನಿಮ್ಮ ತಂಗಿ ಆಪರೇಷನ್ ಮುಗಿಸಿ ಜಂತೆ ಎಣಿಸ್ತಾ ಮಲಗಿರ್ತಾರೆ."

"ಆದ್ರೆ ನಾನು ಊರು ನೋಡೋಕೆ ಹೋಗ್ತಿಲ್ವಲ್ಲಪ್ಪ."

"ಹೋದ್ಮೇಲೆ ಕಣ್ಣು ಮುಚ್ಕೊಂಡಿರ್ತೀರಾ? ನೋಡ್ತೀರಿ ತಾನೆ?"

ಅವನೇ ಕೂತು ನಾಲ್ಕು ದಿನದ ಪ್ರವಾಸದ ಪಟ್ಟಿ ಟೈಪು ಮಾಡಿಕೊಟ್ಟ. ಮೊದಲ ದಿನ ವಸ್ತುಸಂಗ್ರಹಾಲಯ, ಎರಡನೇ ದಿನ ಕೆರೆಯಲ್ಲಿ ದೋಣಿ, ಮೂರನೇ ದಿನ ಗುಡ್ಡದ ರೈಲು, ನಾಲ್ಕನೇ ದಿನ ಹಳೇ ಕೋಟೆ. "ಇದನ್ನ ಬಾಯಿಪಾಠ ಮಾಡ್ಕೊಳ್ಳಿ. ಇನ್ನೊಂದು, ಡಾಕ್ಟರ ಕಾಗದ ಮಾತ್ರ ಮನೇಲೇ ಬಿಟ್ಟು ಬನ್ನಿ. ಅದೊಂದು ಹಾಳೆ ಅವರ ಕಣ್ಣಿಗೆ ಬಿತ್ತೋ, ಕಥೆ ಮುಗೀತು."

ಕೆಟ್ಟವನಲ್ಲ. ಬಾಗಿಲವರೆಗೆ ಬಂದು, "ಧೈರ್ಯವಾಗಿ ಹೋಗ್ಬನ್ನಿ" ಎಂದು ಎರಡು ಸಲ ಹೇಳಿದ್ದ.

ಆ ಸಂಜೆ ಅಂಗಡಿಯ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಅಕ್ಕ ತನಗೆ ತಾನೇ ಪಾಠ ಒಪ್ಪಿಸಿಕೊಂಡಳು. ವಸ್ತುಸಂಗ್ರಹಾಲಯ, ದೋಣಿ, ರೈಲು, ಕೋಟೆ. ಬಾಯಿ ಅದನ್ನು ಹೇಳುತ್ತಿದ್ದಾಗ ಕೈ ತನ್ನ ಕೆಲಸ ತಾನು ಮಾಡಿತು. ಬಿಡಿ ಹಾಳೆಗಳನ್ನು ಕಂಡರೆ ಆ ಕೈ ಸುಮ್ಮನಿರುವುದಿಲ್ಲ. ತಟ್ಟಿ, ಅಂಚು ಸರಿಮಾಡಿ, ದಬ್ಬಳದಿಂದ ತೂತು ಹಾಕಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದು, ನೀಲಿ ರಟ್ಟಿನ ಹೊದಿಕೆ ಕೂರಿಸಿಬಿಟ್ಟಿತು. ದೊಡ್ಡ ಕಚೇರಿಗೆ ಹೋಗುವ ಅರ್ಜಿ, ಅಚ್ಚುಕಟ್ಟಾಗಿರಲಿ ಎಂದು ಅವಳಿಗೂ ಸಮಾಧಾನವಾಯಿತು.

ಈಗ ಕುರ್ಚಿಯಲ್ಲಿ ಕುಳಿತು ಆ ನೀಲಿ ಪುಸ್ತಕ ಬಿಡಿಸಿದಳು. ಪಾಸ್‌ಪೋರ್ಟಿನ ಪ್ರತಿ, ತಂಗಿಯ ಆಹ್ವಾನದ ಪತ್ರ, ಒಂದೇ ತಂದೆಯ ಹೆಸರಿದ್ದ ಇಬ್ಬರ ಶಾಲಾ ದಾಖಲೆಗಳು. ಅದರ ಮುಂದಿನ ಹಾಳೆ ತಿರುವಿದ ಬೆರಳು ಅಲ್ಲೇ ನಿಂತಿತು.

ಡಾಕ್ಟರ ಕಾಗದ.

ಬೇರೆಯಾಗಿ ಎತ್ತಿಡಬೇಕೆಂದು ಮೇಜಿನ ತುದಿಯಲ್ಲಿಟ್ಟಿದ್ದಳು. ಕೈಗೆ ಅದೆಲ್ಲ ಎಲ್ಲಿ ಗೊತ್ತು? ಉಳಿದವುಗಳ ಜೊತೆ ಅದನ್ನೂ ಹೊಲಿದುಬಿಟ್ಟಿತ್ತು.

ಗೋಡೆಯ ಮೇಲಿನ ಕೆಂಪು ಅಂಕಿ ಇನ್ನೂರ ಹದಿನಾಲ್ಕು. ಅವಳದು ಇನ್ನೂರ ಹದಿನಾರು. ಕಿತ್ತುಬಿಟ್ಟರೆ? ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಳು. ಹರಿದ ಪುಸ್ತಕಗಳನ್ನು ಜೋಡಿಸಿಯೇ ಬದುಕಿದವಳು. ಹರಿಯುವ ಬಲ ಬೆರಳಿಗೆ ಬರಲಿಲ್ಲ. ಅಷ್ಟೇ ಅಲ್ಲ, ಆ ಹಾಳೆಯಲ್ಲಿ ತಂಗಿಯ ಹೆಸರಿತ್ತು, ಬೆನ್ನುಮೂಳೆಯ ಚಿತ್ರವಿತ್ತು. ಪಕ್ಕದಲ್ಲಿದ್ದ ಮುದುಕರು, "ತಲೆ ಸುತ್ತುತ್ತಾಮ್ಮ?" ಎಂದು ತಮ್ಮ ನೀರಿನ ಬಾಟಲಿ ಚಾಚಿದರು. ಮುಚ್ಚಳವನ್ನೂ ಅವರೇ ತೆಗೆದುಕೊಟ್ಟಿದ್ದರು. ಅವಳು ಬಾಟಲಿ ಹಿಡಿದುಕೊಂಡಳು, ಕುಡಿಯಲಾಗಲಿಲ್ಲ.

ಇನ್ನೂರ ಹದಿನಾರು.

ಕಿಟಕಿಯ ಆಚೆ ಕುಳಿತಿದ್ದ ಹುಡುಗಿಗೆ ಮೂವತ್ತು ದಾಟಿರಲಿಕ್ಕಿಲ್ಲ. ನೀಲಿ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದಳು.

"ಇದೇನಮ್ಮ?"

"ಅರ್ಜಿ."

"ಪುಸ್ತಕಾನೇ ಮಾಡ್ಕೊಂಡು ಬಂದಿದ್ದೀರಲ್ಲ! ಮುನ್ನುಡಿ ಯಾರದು?" ಹುಡುಗಿ ನಕ್ಕಳು. ಮರುಕ್ಷಣ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು. "ಸ್ಕ್ಯಾನ್ ಮಾಡೋಕೆ ಬಿಡಿ ಹಾಳೆ ಬೇಕಮ್ಮ. ಪಿನ್ನು ಕೂಡ ಇರೋ ಹಾಗಿಲ್ಲ. ಆದ್ರೆ ಇದನ್ನ ಕತ್ತರಿಸೋಕೆ ನನಗೆ ಮನಸ್ಸು ಬರ್ತಿಲ್ಲ. ನೀವೇ ಬಿಚ್ತೀರಾ?"

ಕಿಟಕಿಯ ಸಂದಿಯಲ್ಲಿ ಕತ್ತರಿ ಈಚೆ ಬಂತು, ಹಿಡಿಕೆ ಅಕ್ಕನ ಕಡೆಗಿತ್ತು. ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಆ ಒಂದು ಹಾಳೆಯನ್ನು ಮಡಿಲಿಗೆ ಜಾರಿಸಿಕೊಳ್ಳಬಹುದಿತ್ತು. ಆ ಯೋಚನೆ ಬರುವಷ್ಟರಲ್ಲಿ ಕಟ್ಟು ಪೂರ್ತಿ ಆಚೆ ಹೋಗಿತ್ತು.

ಹುಡುಗಿ ಹಾಳೆ ಎಣಿಸುತ್ತ ಬಂದವಳು ಒಂದರ ಮೇಲೆ ಬೆರಳಿಟ್ಟು ಎಣಿಕೆ ನಿಲ್ಲಿಸಿದಳು. ಅದನ್ನು ಓದಿದಳು. ಅರ್ಜಿ ನೋಡಿದಳು. ಮತ್ತೆ ಅದನ್ನು ಓದಿದಳು.

"ನೀವು ಹೋಗ್ತಿರೋದು ಯಾತಕ್ಕಮ್ಮ?"

"ಮೊದಲನೇ ದಿನ ವಸ್ತುಸಂಗ್ರಹಾಲಯ," ಅಕ್ಕ ಶುರುಮಾಡಿದಳು. ಧ್ವನಿ ತನ್ನದಲ್ಲವೆನ್ನಿಸಿತು. "ಎರಡನೇ ದಿನ ಕೆರೆಯಲ್ಲಿ ದೋಣಿ. ಮೂರನೇ ದಿನ..."

ಹುಡುಗಿ ತಡೆಯಲಿಲ್ಲ. ಶಾಲೆಯ ಮಗು ಪದ್ಯ ಮರೆತಾಗ ಕಾಯುವ ಹಾಗೆ ಕಾದಳು.

"ಮೂರನೇ ದಿನ ನನ್ನ ತಂಗೀನ ಎಬ್ಬಿಸಿ ಕೂರಿಸ್ಬೇಕಮ್ಮ," ಎಂದಳು ಅಕ್ಕ. "ಮೊದಲನೇ ದಿನಾನೂ ಅದೇ. ಎಲ್ಲಾ ದಿನಾನೂ ಅದೇ. ನನ್ನನ್ನ ಜೈಲಿಗೆ ಹಾಕ್ತಾರಾ?"

"ಅಯ್ಯೋ, ಇಲ್ಲಮ್ಮ." ಹುಡುಗಿ ಹಿಂದೆ ತಿರುಗಿ ನೋಡಿ ಧ್ವನಿ ತಗ್ಗಿಸಿದಳು. "ನೋಡಿ, ಯಾವ ವೀಸಾ ಹಾಕ್ಬೇಕು ಅಂತ ನಾವು ಹೇಳೋ ಹಾಗಿಲ್ಲ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಆದ್ರೆ ಗೋಡೆ ಮೇಲಿರೋ ಬೋರ್ಡನ್ನ ಓದೋಕೆ ಬರದವರಿಗೆ ಓದಿ ಹೇಳ್ಬಹುದು. ನೀವು ಕನ್ನಡಕ ತಂದಿಲ್ಲ, ಅಲ್ವಾ?"

ಕನ್ನಡಕ ಅಕ್ಕನ ಮೂಗಿನ ಮೇಲೇ ಇತ್ತು.

"ತಂದಿಲ್ಲ," ಎಂದಳು.

ಹುಡುಗಿ ನಿಧಾನವಾಗಿ ಓದಿದಳು. ಪ್ರವಾಸಿ ವೀಸಾದಲ್ಲಿ ಹೋದವರು ತೊಂಬತ್ತನೇ ದಿನ ಹೊರಡತಕ್ಕದ್ದು. ಅಲ್ಲಿದ್ದುಕೊಂಡು ಅದನ್ನು ಮುಂದುವರಿಸಲಾಗದು, ಬೇರೆ ವೀಸಾಕ್ಕೆ ಬದಲಿಸಲಾಗದು. ಉದ್ದೇಶ ಮುಚ್ಚಿಟ್ಟದ್ದು ತಿಳಿದುಬಂದರೆ ಹತ್ತು ವರ್ಷ ಪ್ರವೇಶವಿಲ್ಲ. ಹತ್ತಿರದ ಸಂಬಂಧಿಯ ಆರೈಕೆಗೆ ಒಂದು ವರ್ಷದ ವೀಸಾ. ಡಾಕ್ಟರ ಪತ್ರ, ಸಂಬಂಧದ ದಾಖಲೆ ಕಡ್ಡಾಯ. ಕನಿಷ್ಠ ಐದು ವಾರ. ಬೆರಳಚ್ಚು ಕೊಡುವ ಮೊದಲು ಇದೇ ಕಿಟಕಿಯಲ್ಲಿ ಅರ್ಜಿ ಬದಲಿಸಬಹುದು. ಕೊಟ್ಟ ಮೇಲೆ ಇಲ್ಲ.

"ಬೇಕಾದ ಕಾಗದ ಎಲ್ಲಾ ಈ ಕಟ್ಟಿನಲ್ಲೇ ಇದೆ," ಎಂದಳು. "ಇದು ಬೋರ್ಡಲ್ಲಿಲ್ಲ, ಸುಮ್ನೆ ಹೇಳ್ದೆ. ಕಿಟಕಿ ಒಂದು ಗಂಟೆಗೆ ಮುಚ್ಚುತ್ತೆ."

ಗಡಿಯಾರದಲ್ಲಿ ಹನ್ನೆರಡೂವರೆ. ಐದು ವಾರ ಅಂದರೆ ಮೂವತ್ತೈದು ದಿನ. ಆಪರೇಷನ್ನಿಗೆ ಇಪ್ಪತ್ನಾಲ್ಕು. ಲೆಕ್ಕ ಎಷ್ಟು ಸಲ ಹಾಕಿದರೂ ಹನ್ನೊಂದು ದಿನ ಕೊರತೆ ಬೀಳುತ್ತಿತ್ತು.

ತಂಗಿಯನ್ನು ಕೇಳೋಣವೆಂದರೆ, ಒಳಗೆ ಬರುವಾಗ ಒಪ್ಪಿಸಿದ ಫೋನು ಬಾಗಿಲಿನ ಕಾವಲುಗಾರನ ಬಳಿ ಇತ್ತು. ಹೊರಗೆ ಹೋದವರು ಹೊಸ ಟೋಕನ್ ತೆಗೆದುಕೊಳ್ಳಬೇಕೆಂಬುದು ನಿಯಮ. ಅವನು ಅಕ್ಕನ ಬಿಳಿಚಿಕೊಂಡ ಮುಖ ನೋಡಿ, ಹೊಸ್ತಿಲ ಒಳಗೇ ಫೋನು ಕೊಟ್ಟು, "ಹೊರಗೆ ಹೋದ್ರೆ ತಾನೆ ಹೊಸ ಟೋಕನ್? ಇಲ್ಲೇ ನಿಂತು ಮಾತಾಡಿ," ಎಂದು ಬೆನ್ನು ತಿರುಗಿಸಿ ನಿಂತ.

"ಏನೇ, ಆಯ್ತಾ?" ತಂಗಿಯ ಧ್ವನಿ. ಅಕ್ಕ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು.

"ಅರ್ಜೀನ ಹೊಲಿದ್ಯಾ?" ತಂಗಿ ಕಿಸಕ್ಕನೆ ನಕ್ಕಳು. "ನನ್ನ ಬೆನ್ನು ಹೊಲಿಯೋಕೂ ನಿನ್ನೇ ಕರೆಸ್ಬೇಕಿತ್ತು ಬಿಡು. ಆ ಡಾಕ್ಟರು ಕೇಳೋ..." ಮಾತು ನಡುವೆಯೇ ನಿಂತಿತು. ಆ ಕಡೆಯಿಂದ ಮೂಗು ಏರಿಸುವ ಸದ್ದು ಬಂತು.

"ಪುಟ್ಟೀ?"

"ನನಗೆ ಆರು ತಿಂಗಳ ಭಯ ಇಲ್ಲ ಕಣೇ. ಆ ಒಂದು ದಿನದ್ದೇ ಭಯ. ಮತ್ತಿನ ಇಂಜೆಕ್ಷನ್ ಕೊಟ್ಟ ಮೇಲೆ ಎಚ್ಚರಾನೇ ಆಗದಿದ್ರೆ? ಬಾಗಿಲ ಹೊರಗೆ ನೀನು ಕೂತಿರ್ತೀಯ ಅಂತಲೇ ನಾನು ಸಹಿ ಹಾಕಿದ್ದು."

ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಹಾಗಾದ್ರೆ ಪ್ರವಾಸೀದೇ ಹಾಕ್ತೀನಿ. ಬರೋದು ಬರ್ಲಿ. ಇಲ್ಲಾಂದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರಾ ಕೇಳು."

"ಹಾಕಲ್ಲ. ಎಡಗಾಲು ಆಗ್ಲೇ ಜೋಮು ಹಿಡಿದಿದೆ. ನಿನಗೆ ಹೇಳಿರ್ಲಿಲ್ಲ." ಕಾವಲುಗಾರ ಯಾರನ್ನೋ ಪಕ್ಕದ ಬಾಗಿಲಿಂದ ಹೋಗಿ ಎಂದು ಕಳಿಸಿದ. "ಅಕ್ಕಾ, ಪ್ರವಾಸೀದು ಬೇಡ. ತೊಂಬತ್ತನೇ ದಿನ ನೀನು ಹೊರಟು ನಿಂತ್ರೆ, ಅರ್ಧ ಎದ್ದ ನನ್ನನ್ನ ಯಾರು ನೋಡ್ತಾರೆ? ಸುಳ್ಳು ಗೊತ್ತಾದ್ರೆ ಹತ್ತು ವರ್ಷ ಅಂದ್ಯಲ್ಲ. ಹತ್ತು ವರ್ಷ ನಿನ್ನ ಮುಖ ನೋಡ್ದೆ ನಾನು ಇರಲ್ಲಪ್ಪ. ಬೇಕರಿಯ ಒಬ್ಬಳು ಹದಿನೈದು ದಿನ ಬಂದಿರ್ತೀನಿ ಅಂದಿದ್ದಾಳೆ. ಹದಿನೈದೇ ದಿನ, ಅದಕ್ಕಿಂತ ಹೆಚ್ಚು ಆಗಲ್ಲ ಅವಳಿಗೆ."

"ಮತ್ತೆ ಆ ದಿನ?"

"ಆ ದಿನ ಒಬ್ಳೇ ಹೋಗ್ತೀನಿ. ನೀನು ಬರೋ ಹೊತ್ತಿಗೆ ಎಚ್ಚರವಾಗಿರ್ತೀನಿ. ಹೋಗು, ಕಿಟಕಿ ಮುಚ್ಚಿಬಿಟ್ಟಾರು. ಹೋಗೇ!"

ಫೋನು ವಾಪಸು ಕೊಡುವಾಗ ಅಕ್ಕನಿಗೆ ಕಾವಲುಗಾರನ ಅಂಗೈ ಕಾಣದೆ ಎರಡು ಸಲ ತಡಕಾಡಬೇಕಾಯಿತು. ಅವನೇ ಕೈ ಹಿಡಿದು ತೆಗೆದುಕೊಂಡ.

ಹುಡುಗಿ ಹೊಸ ಅರ್ಜಿ ತೆಗೆದಿಟ್ಟುಕೊಂಡೇ ಕಾಯುತ್ತಿದ್ದಳು. ಪ್ರಯಾಣದ ಉದ್ದೇಶ ಎಂಬಲ್ಲಿ ಅಕ್ಕ ದೊಡ್ಡಕ್ಷರದಲ್ಲಿ ಬರೆದಳು: ತಂಗಿಯ ಆರೈಕೆ. ಬರೆಯುತ್ತಲೇ ಮನಸ್ಸು ಇಪ್ಪತ್ನಾಲ್ಕನೇ ದಿನಕ್ಕೆ ಹೋಗಿ, ಆಸ್ಪತ್ರೆಯ ಬಾಗಿಲ ಹೊರಗೆ ಖಾಲಿ ಬೆಂಚು ನೋಡಿ ಬಂತು. ಸರಿಯಾದುದನ್ನೇ ಮಾಡಿದೆನೇ? ತಂಗಿಗೆ ಎಚ್ಚರವಾಗದಿದ್ದರೆ ಈ ಎರಡು ಪದಗಳನ್ನು ತಾನು ಯಾವ ಮುಖದಿಂದ ನೆನೆಯಬೇಕು? ಕೇಳೋಣವೆಂದರೆ ಯಾರಿಗೂ ಗೊತ್ತಿರುವ ವಿಷಯವಲ್ಲ.

"ಐದು ವಾರದಲ್ಲಿ ಬಂದೇ ಬರುತ್ತಾಮ್ಮ?"

"ಬರ್ಬಹುದು. ಒಮ್ಮೊಮ್ಮೆ ಆರೂ ಆಗುತ್ತೆ," ಹುಡುಗಿ ಸುಳ್ಳು ಹೇಳಲಿಲ್ಲ. "ಆಪರೇಷನ್ ತಾರೀಖಿನ ಕೆಳಗೆ ಒಂದು ಗೆರೆ ಎಳೀತೀನಿ. ಒಳಗಿನವರ ಕಣ್ಣಿಗೆ ಬೀಳ್ಲಿ. ಈಗ ಬೆರಳು ಕೊಡಿ."

ಕಾಗದ ಮಡಿಸಿ ಮಡಿಸಿ ನುಣ್ಣಗಾದ ಬೆರಳುಗಳು. ಅವುಗಳನ್ನು ಗಾಜಿನ ಮೇಲಿಟ್ಟರೆ ಯಂತ್ರದ ದೀಪ ಕೆಂಪಗಾಯಿತು. ಮತ್ತೊಮ್ಮೆ ಇಟ್ಟರೂ ಕೆಂಪೇ. ಹುಡುಗಿ ಎದ್ದು ಪಕ್ಕದ ಬಾಗಿಲಿನಿಂದ ಈಚೆ ಬಂದು, ಅಕ್ಕನ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು.

"ಮಂಜುಗಡ್ಡೆ ಆಗಿವೆ. ಭಯ ಪಡ್ಬೇಡಿ ಅಮ್ಮ."

"ಭಯ ನನ್ನ ಪಾಡಿಗೆ ನಾನು ಪಡ್ತಿರ್ತೀನಿ," ಎಂದಳು ಅಕ್ಕ, ಬೆರಳುಗಳನ್ನು ಮತ್ತೆ ಗಾಜಿಗೆ ಒತ್ತುತ್ತ. "ನೀವು ಅಚ್ಚು ತಗೊಳ್ಳಿ."