ಶೇಖವ್ವನ ಗೋದಿ ಸೆರೆ

ಹೂವಪ್ಪ ತೀರಿಕೊಂಡ ಮರುವರ್ಷ, ತುರ್ತು ಪರಿಸ್ಥಿತಿ ಮುಗಿದ ಹೊಸತರಲ್ಲಿ, ಅವನ ಹೆಂಡತಿ ಶೇಖವ್ವ ಹಿರೇಬೆಂಡಿಗೇರಿಯಲ್ಲಿ ಬೇರೆ ಒಲೆ ಹೂಡಿದಳು. ಆ ಮನೆತನದಲ್ಲಿ ಮಾನೌಮಿ ಅಮಾಸಿಗೆ ತೀರಿಹೋದ ಹಿರಿಯರಿಗೆ ಗೋದಿಯ ಸೆರೆ, ಅಂದರೆ ಮನೆಯಲ್ಲೇ ಹುಳಿಸಿದ ಮದ್ಯ, ಎಡೆ ಹಿಡಿಯುವುದು ರೂಢಿ. ಸೆರೆ ಹುಳಿಸಲು ಬೇಕಾದ ಗಸಿ, ಹಳೆಯ ಸೆರೆಯ ತಳದ ಮಡ್ಡಿ, ಮಾತ್ರ ಭಾವ ಗುಡ್ಡಪ್ಪನ ಮನೆಯಲ್ಲಿತ್ತು. ಕೇಳಲು ಹೋದಳು.

"ನಿನಗ್ಯಾಕ ಗಸಿ? ಎಡಿ ನಮ್ಮ ಮನ್ಯಾಗ ಹಿಡಿತೇವಿ. ಬಂದು ಬಾಗಲಾಗ ಕೈ ಮುಗದು ಹೋಗು."

"ನನ್ನ ಗಂಡಗ ನಾನ ಹಿಡಿತೇನ್ರಿ ಭಾವಾರ."

"ಬ್ಯಾರೆ ಹ್ವಾದಾಕಿಗೆ ಹಿರೇರು ಎಲ್ಲಿಂದ ಬಂದ್ರು?"

ಶೇಖವ್ವ ಸವಣೂರಿನ ಬಸ್ಸು ಹತ್ತಿದಳು. ಅಲ್ಲಿ ರೊಟ್ಟಿ ಸುಟ್ಟು ಮಾರುವ ಮಾಬೂಬಿಯ ಬಳಿ ಹಿಟ್ಟು ಉಬ್ಬಿಸುವ ಖಮೀರ ಇರುತ್ತಿತ್ತು; ಗಸಿಯಂತೆ ಅದೂ ಗಂಜಿ ಹುಳಿಸೀತು.

"ಯಾತಕ್ಕಂತ ನನಗ ಹೇಳಬ್ಯಾಡವ್ವಾ, ತೋಬಾ ತೋಬಾ!" ಎನ್ನುತ್ತಲೇ ಮಾಬೂಬಿ ಒಂದು ಮುದ್ದೆ ಕಟ್ಟಿಕೊಟ್ಟಳು.

ಶೇಖವ್ವ ಮನೆಗೆ ಬಂದು ಗೋದಿ ಮೊಳಕೆ ಬರಿಸಿ, ಒಣಗಿಸಿ, ಕುಟ್ಟಿ, ಗಂಜಿ ಕಾಯಿಸಿ, ಖಮೀರ ಬೆರೆಸಿ ಗಡಿಗೆಗೆ ತುಂಬಿದಳು. ಹುಳ ಬೀಳದಂತೆ ಕಾಳಿನ ಗಡಿಗೆಗೆ ಮೆತ್ತುವ ಹಾಗೆ ಅದರ ಬಾಯಿಗೂ ಸಗಣಿ ಮಣ್ಣು ಮೆತ್ತಿದಳು. ಮರುದಿನ ಗಡಿಗೆ ಢಬ್ಬೆಂದು ಸೀಳಿ ಗೋಡೆಯೆಲ್ಲ ಗಂಜಿಯಾಯಿತು.

ಆಚೆ ಹಿತ್ತಲಿಂದ ಗುಡ್ಡಪ್ಪನ ಹೆಂಡತಿ ನಾಗವ್ವ ನಕ್ಕಳು. "ಹಿರೇರು ಒದ್ದು ಹ್ವಾದ್ರು ನೋಡ್ರಿ!"

"ಇನ್ನೊಂದು ಗಡಿಗಿ ತರತೇನಿ. ಎಷ್ಟು ಒದಿತಾರೋ ಒದೀಲಿ," ಎಂದಳು ಶೇಖವ್ವ.

ಮತ್ತೆ ಖಮೀರ ಕೇಳಲು ಸವಣೂರಿಗೆ ಹೋದಾಗ, ಗಡಿಗೆ ಒಡೆದದ್ದು ಕೇಳಿ ಮಾಬೂಬಿ ಹಣೆ ಚಚ್ಚಿಕೊಂಡಳು. "ಖಮೀರಕ್ಕ ಉಸಿರು ಬ್ಯಾಡೇನ? ಬಾಯಿಗೆ ಅರವಿ ಕಟ್ಟು, ಸಾಕು. ಗಂಜಿ ಬಿಸಿ ಇದ್ದಾಗ ಹಾಕಬ್ಯಾಡ, ಸುಟ್ಟು ಸಾಯತೈತಿ. ಬೆರಳು ತಡೀಬೇಕು, ಅಷ್ಟ ಬೆಚ್ಚಗಿರಲಿ."

ಈ ಸಲ ಗಡಿಗೆಯನ್ನು ಕುದಿನೀರಲ್ಲಿ ತೊಳೆದಳು. ಬೆರಳದ್ದಿ ನೋಡಿ ಖಮೀರ ಬೆರೆಸಿ, ಅರಿವೆ ಕಟ್ಟಿ, ಮೂಲೆಯ ನೆರಳಲ್ಲಿಟ್ಟಳು. ಕಿವಿಗೊಟ್ಟರೆ ಒಳಗೆ ಸುಯ್ ಸುಯ್ ಎನ್ನುತ್ತಿತ್ತು. ಅರಿವೆ ಬಿಚ್ಚಿ ನೋಡುವ ಆಸೆಯನ್ನು ತಡೆದುಕೊಂಡು ಕೂತಳು. ಸದ್ದು ಇಳಿದು ನೊರೆ ಕುಸಿದ ಮೇಲೆ ಸೋಸಿದಾಗ, ಕಳಿತ ಬಾಳೆಹಣ್ಣಿನ ವಾಸನೆ ಮನೆಯೆಲ್ಲ ತುಂಬಿತು.

ಅಮಾಸಿಯ ದಿನ ದೀಪ ಹಚ್ಚುತ್ತಿರುವಾಗ ಗುಡ್ಡಪ್ಪ ಒಳಗೇ ಬಂದ.

"ಚೆಲ್ಲು ಅದನ್ನ. ಒಂದ ವಂಶಕ್ಕ ಎರಡು ಎಡಿ ಇಲ್ಲ. ಇಲ್ಲಾಂದ್ರ ನಮ್ಮ ಬಾವಿ ನೀರು ಬಂದ್."

"ಬಂದ್ ಮಾಡ್ರಿ. ಕೆರಿ ಊರಿಂದು."

ಅವನು ಗಡಿಗೆಗೆ ಕೈ ಚಾಚಿದ. ಶೇಖವ್ವ ಏಳಲಿಲ್ಲ.

"ಮುಟ್ರಿ ನೋಡೂಣು. ನಿಮ್ಮ ತಮ್ಮನ ಎಡಿ ಅದು. ಸತ್ತ ತಮ್ಮನ ಪಾಲು ನಿಮ್ಮ ಕೈಯಿಂದನ ಚೆಲ್ರಿ."

ಗುಡ್ಡಪ್ಪನ ಕೈ ಅಲ್ಲೇ ನಿಂತಿತು. ಅದನ್ನು ಹಿಂದಕ್ಕೆಳೆದುಕೊಂಡು ಬಾಗಿಲು ದಾಟಿ ಹೋದ.

ಶೇಖವ್ವ ಲೋಟ ತುಂಬಿ ಎಡೆಯ ಮುಂದಿಟ್ಟಳು. ಓಣಿಗೆಲ್ಲ ಕೇಳುವಂತೆ ಗಂಡನನ್ನು ಕರೆದಳು: "ಬರ್ರಿ, ನಿಮ್ಮ ಮನ್ಯಾಗ ಎಡಿ ಹಿಡಿದೇನಿ. ಉಣ್ಣಾಕ ಬರ್ರಿ!"