ಒಪ್ಪಿಸಿದ ಮೇಲೆ ಟೀ

ದುರುಗಣ್ಣ ಗುಂಡಿಯೊಳಗಿಂದ ಮತ್ತೊಂದು ಬಕೆಟ್ ನೀರು ಮೊಗೆದು ಹೊರಗೆ ಚೆಲ್ಲಿದ. ಇಷ್ಟು ಹೊತ್ತಿಗೆ ಮಣ್ಣು ಮಾಡಿ ಮುಗಿಯಬೇಕಿತ್ತು. ಭರಮಸಾಗರದಾಚೆಯ ಆ ಸಣ್ಣ ಊರಿನ ಕೆರೆ ಏರಿಯ ಕೆಳಗೆ, ತೀರಿಕೊಂಡ ಏಕಾಂತಪ್ಪ ಮೇಷ್ಟ್ರು ವಿಭೂತಿ ಹಚ್ಚಿಸಿಕೊಂಡು, ಹೆಣ ಹೊರುವ ವಿಮಾನದಲ್ಲಿ ಕೂತು ಕಾಯುತ್ತಿದ್ದರು. ಸುತ್ತ ಊರಿಗೆ ಊರೇ ಸೇರಿತ್ತು.

“ಇವರಪ್ಪನ ಗುಂಡೀನೂ ಇಲ್ಲೇ ತೋಡಿದ್ದೆ. ಒಂದು ಹನಿ ಇರ್ಲಿಲ್ಲ,” ಎಂದ ದುರುಗಣ್ಣ.

“ಮೇಷ್ಟ್ರ ಕಾಲು ತೊಳಿಯಾಕೆ ಗಂಗವ್ವ ಬಂದಾಳೆ ಬಿಡು,” ಎಂದಳು ಊರಿನ ಕಾಳಕ್ಕ.

ಸಹನಾ ಬಗ್ಗಿ ನೋಡಿದಳು. ಅಲ್ಲಿನ ಮಣ್ಣು ಕೆಂಪು. ನೀರಿನ ಜೊತೆ ಉಕ್ಕುತ್ತಿದ್ದದ್ದು ಕೆರೆಯ ಕಪ್ಪು ಹೂಳು. ಅವಳು ತಲೆಯೆತ್ತಿ ಏರಿಯ ಕಡೆ ನೋಡಿದಳು.

*

ಈ ಕೆರೆಯ ಅಧ್ಯಯನಕ್ಕೆ ವಿಶ್ವವಿದ್ಯಾಲಯ ಮೂರು ವಿಭಾಗದವರನ್ನು ಒಂದೇ ಮೇಜಿಗೆ ಕೂರಿಸಿತ್ತು: ಭೂವಿಜ್ಞಾನದ ಸಹನಾ, ಸಿವಿಲ್‌ನ ಗುರುರಾಜ್, ಕನ್ನಡದ ಏಕಾಂತಪ್ಪ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಮೇಷ್ಟ್ರದು ಒಂದೇ ಹಟ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಒಪ್ಪಿಸಬೇಕು. ಹೇಳಿದವರು ಹೂಂ ಅಂದ ಮೇಲೇ ಟೀ.

“ತಲೆ ಕೋಲೆಬಸವನೂ ಆಡಿಸ್ತೈತೆ ಗುರುರಾಜ್. ಸಹನಾ ಏನಂದ್ರು, ನೀವು ಹೇಳ್ರಿ,” ಎನ್ನುತ್ತಿದ್ದರು.

ಆಮೇಲೆ ಊರಿಗೆ ಬಂದು, ಕಟ್ಟೆಯ ಮೇಲೆ ಕೂತು, ಜನರಿಂದಲೂ ಹಾಗೇ ಒಪ್ಪಿಸಿಕೊಳ್ಳುತ್ತಿದ್ದರು.

ಅವರು ಹಾಸಿಗೆ ಹಿಡಿದ ಮೇಲೆ ನಡೆದ ಸಭೆಗೆ ಟೀ ಮೊದಲೇ ಬಂತು. ಏರಿಯೊಳಗೆ ನೀರು ದಾರಿ ಮಾಡಿಕೊಳ್ಳುತ್ತಿದೆ ಎಂದು ಸಹನಾ ಪರದೆಯ ಮೇಲೆ ಬಣ್ಣಬಣ್ಣದ ಗೆರೆ ತೋರಿಸಿದಳು. ಗುರುರಾಜ್ ತಲೆಯಾಡಿಸಿದ. ಎಲ್ಲರೂ ಬಿಸ್ಕತ್ತು ತಿಂದು ಎದ್ದರು. ಆ ಟೀಗಿಷ್ಟು ಬೆಂಕಿ ಬೀಳ!

*

ಸಹನಾ ಗುಂಡಿಯ ಬಳಿ ನಿಂತಿದ್ದ ಗುರುರಾಜನನ್ನು ಪಕ್ಕಕ್ಕೆ ಕರೆದಳು. “ಅವತ್ತು ನಾನೇನು ಹೇಳಿದೆ ಸರ್?”

“ಏರಿ ಜಿನುಗ್ತೈತೆ ಅಂದ್ರಿ. ಎಲ್ಲಾ ಕೆರೆನೂ ಜಿನುಗ್ತಾವೆ.”

“ಒಳಗಿನ ಮಣ್ಣೇ ಕೊಚ್ಚಿ ಹೋಗ್ತೈತೆ, ಏರಿ ನಿಲ್ಲಲ್ಲ ಅಂದೆ. ತೂಬು ತೆಗೆಸಿ ನೀರು ಇಳಿಸ್ತೀರಿ ಅನ್ಕಂಡಿದ್ದೆ.”

ಗುರುರಾಜ್ ಗುಂಡಿ ನೋಡಿದ. “ಊರೋರಿಗೆ ಹೇಳಿದ್ರಾ?”

“ಅದು ಮೇಷ್ಟ್ರ ಕೆಲಸ ಅಲ್ವಾ...”

ಇಬ್ಬರೂ ವಿಮಾನದ ಕಡೆ ತಿರುಗಿದರು.

“ಏನಮ್ಮ ನಿಮ್ಮ ಗುಸುಗುಸು?” ಮೇಷ್ಟ್ರ ಹೆಂಡತಿ ಮಹಾದೇವಮ್ಮ ಕೇಳಿದರು. “ನಮಗೂ ತಿಳಿಯಂಗೆ ಹೇಳ್ರಿ.”

ಸಹನಾ ಎಲ್ಲರಿಗೂ ಕೇಳುವಂತೆ ಕೂಗಿದಳು. “ಏರಿ ಒಡಿತೈತೆ. ಎಲ್ಲಾರೂ ಎದ್ದು ದಿಬ್ಬಕ್ಕೆ ನಡೀರಿ, ಈಗ್ಲೇ.”

“ಆಯ್ತು ತಾಯಿ,” ಎಂದಳು ಕಾಳಕ್ಕ. “ಮಣ್ಣು ಮಾಡಿ ಹೋಗಾಣ. ಹೆಣ ಬಿಟ್ಟು ಹೋಗಾಕಾಗ್ತೈತಾ?”

ಜನರೆಲ್ಲ ತಲೆಯಾಡಿಸಿದರು. ಯಾರೂ ಕದಲಲಿಲ್ಲ. ದುರುಗಣ್ಣ ಬಿಟ್ಟು ಬಂದ ಬಕೆಟ್ ತೇಲುತ್ತ ಗುಂಡಿಯ ಅಂಚಿನ ಮಟ್ಟಕ್ಕೆ ಏರಿ ಬಂದಿತ್ತು.